ಕಡುಬಿಗೆ ಎದ್ದ ಹೆಣ

ಹೆಣ ನಕ್ಕಿತು!

“ಕಟ್!” ಎಂದು ನಿರ್ದೇಶಕ ಕೂಗಿದ. ಚೀನಾದ ಹೆಂಗ್‌ದಿಯನ್ ಚಿತ್ರನಗರಿಯ ಸಿನಿಮಾ ಯುದ್ಧಭೂಮಿಯಲ್ಲಿ ಸತ್ತು ಬಿದ್ದವರೆಲ್ಲ ಎದ್ದು ಕೂತು ಮೈ ಕೆರೆದುಕೊಂಡರು.

ನಕ್ಕ ಹೆಣದ ಪಕ್ಕದಲ್ಲೇ, ಕ್ಯಾಮೆರಾಗೆ ಕಾಣದಂತೆ ಕೂತಿದ್ದ ಪೆಯ್‌ರೊಂಗ್‌ಗೆ ಪಿತ್ತ ನೆತ್ತಿಗೇರಿತು. ಈ ಯುದ್ಧ ಸಿನಿಮಾದ ಕಥೆ ಅವಳದು. ಸಂಜೆಯೊಳಗೆ ಒಂದು ನಗೆ ದೃಶ್ಯ ಬರೆಯದಿದ್ದರೆ ಅವಳ ಕೆಲಸ ಹೋಗುತ್ತಿತ್ತು.

“ಏನ್ರೀ, ಸತ್ತವರಿಗೆ ಅಷ್ಟೊಂದು ನಗುವಾ?”

“ತಪ್ಪಾಯ್ತು ಮೇಡಂ. ನೀವು ‘ಸೇನಾಪತಿ ಚಡ್ಡೀಲಿ ಓಡ್ತಾನೆ’ ಅಂತ ಗೊಣಗ್ತಿದ್ರಲ್ಲ...”

“ಅದಕ್ಕೆ ನಗು ಬಂತಾ?” ಅವಳ ಕಣ್ಣು ಅರಳಿತು.

“ಇಲ್ಲ ಮೇಡಂ, ಅದು ಯಾರಿಗೂ ನಗು ತರಲ್ಲವಲ್ಲ ಅಂತ ನಕ್ಕೆ!”

ಅಯ್ಯೋ, ಎಂಥಾ ಕೊಬ್ಬು! ಆದರೂ ಅವಳಿಗೆ ನಗು ತಡೆಯಲಾಗಲಿಲ್ಲ.

ಅವನ ಹೆಸರು ಚಾಂಗ್‌ಗುಯಿ. ವರ್ಷಗಟ್ಟಲೆ ಸಿನಿಮಾಗಳಲ್ಲಿ ಹೆಣವಾಗಿ ಬಿದ್ದರೂ ಅವನಿಗೆ ಒಂದು ಮಾತಾಡುವ ಅವಕಾಶವೂ ಸಿಕ್ಕಿರಲಿಲ್ಲ.

“ಗುಂಡಿನ ಮಳೆ ಮಧ್ಯೆ ಅಡುಗೆಯವನು ಕಡುಬು ತರ್ತಾನೆ ಅನ್ಕೊಳ್ಳಿ,” ಎಂದ ಅವನು. “ಆರಿಹೋಗುತ್ತೆ ಅಂತ ಎರಡೂ ಕಡೆಯವರು ಬಂದೂಕು ಕೆಳಗಿಡ್ತಾರೆ.”

“ಶತ್ರುಗಳು ‘ಕಡುಬಿಗೆ ನಂಚ್ಕೊಳ್ಳೋಕೆ ವಿನೆಗರ್ ಎಲ್ಲಿ?’ ಅಂತ ಜಗಳ ತೆಗೀತಾರೆ!” ಎಂದಳು ಅವಳು.

“ಆಗ ಒಂದು ಹೆಣ ಎದ್ದು...”

“‘ನನ್ನ ಪಾಲು ಯಾರು ತಿಂದಿದ್ದು?’ ಅಂತ ಕೇಳುತ್ತೆ!” ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ದೃಶ್ಯ ಒಪ್ಪಿಗೆಯಾಯಿತು. ಹೆಣದ ಆ ಮಾತನ್ನು ಅವಳು ಚಾಂಗ್‌ಗುಯಿಗೇ ಕೊಡಿಸಿದಳು. ಅಂದಿನಿಂದ ದಿನವೂ ಅವನು ಸಕ್ಕರೆ ಪಾಕದ ಹಣ್ಣು ತಂದುಕೊಡುತ್ತಿದ್ದ. ಅವನಿಗಾಗಿ ಕಾಯುವುದೇ ಅವಳಿಗೆ ಹಿತವಾಗಿತ್ತು.

ಸೆಟ್ಟಿನವರೆಲ್ಲ ಅತ್ತೆ ಎನ್ನುತ್ತಿದ್ದ ಮೇಕಪ್ಪಿನ ಲ್ಯಾವ್‌ಗೆ ಇದನ್ನು ಸಹಿಸಲಾಗಲಿಲ್ಲ.

“ಹೆಣದ ಪಾತ್ರ ಮಾಡಿದವರಿಗೆ ಅಪಶಕುನ ಕಳೀಲಿ ಅಂತ ಕೆಂಪು ಲಕೋಟೇಲಿ ದುಡ್ಡು ಕೊಡ್ತಾರಲ್ಲ, ಆ ದುಡ್ಡನ್ನ ಮನೆಗೆ ಒಯ್ಯೋ ಹಾಗಿಲ್ಲ, ಅವತ್ತೇ ಮುಗಿಸ್ಬೇಕು. ಅದಕ್ಕೇ ನಿನಗೆ ತಿನ್ನಿಸ್ತಾನೆ ಕಣೇ ಹುಚ್ಚಿ! ದೋಷ ಎಲ್ಲ ನಿನ್ನ ತಲೆಗೆ!”

ಪೆಯ್‌ರೊಂಗ್ ಕೈಲಿದ್ದ ಹಣ್ಣನ್ನು ಬಿಸಾಡಿದಳು. ಛೆ, ನನ್ನನ್ನು ಕಸದ ಬುಟ್ಟಿ ಅಂದುಕೊಂಡನಾ? ಸಿಟ್ಟಿನಲ್ಲಿ ದೃಶ್ಯದಿಂದ ಅವನ ಮಾತನ್ನೇ ಹೊಡೆದುಹಾಕಿದಳು.

ಚಿತ್ರೀಕರಣದ ದಿನ ಚಾಂಗ್‌ಗುಯಿಗೆ ಅದು ತಿಳಿಯಿತು. ಎಂದಿನಂತೆ ಹೋಗಿ ಮಣ್ಣಲ್ಲಿ ಮಲಗಿದ. ಅದೇ ಅವಳನ್ನು ಚುಚ್ಚಿತು.

“ಯಾಕೆ ಅಂತ ಕೇಳೋದೂ ಇಲ್ವಾ?”

“ಬರೆದವರು ನೀವು. ಬೇಡ ಅನ್ನಿಸಿರಬೇಕು...”

“ಹೆಣದ ದುಡ್ಡಲ್ಲಿ ನನಗೆ ತಿನ್ನಿಸಿದೆಯಲ್ಲ!”

ಅವನು ದಡಬಡಿಸಿ ಎದ್ದ. “ಯಾರು ಹೇಳಿದ್ದು? ಆ ದುಡ್ಡಲ್ಲಿ ಗೇಟಿನ ಹತ್ರ ಒಬ್ಬನೇ ಸಿಗರೇಟು ಸೇದಿ ಮುಗಿಸ್ತೀನಿ. ನಿಮಗೆ ತಂದಿದ್ದು ನನ್ನ ಕೂಲಿ ದುಡ್ಡಲ್ಲಿ. ಸಾವಿನ ಕಾಸನ್ನ ನಿಮ್ಮ ಬಾಯಿಗೆ ಹಾಕ್ತೀನಾ ನಾನು?”

ಅವಳ ಕಣ್ಣು ತುಂಬಿ ಬಂತು. ನೇರ ನಿರ್ದೇಶಕನ ಬಳಿ ಓಡಿದಳು. “ತಪ್ಪು ನನ್ನದು. ಆ ಹೆಣ ಮಾತಾಡಲೇಬೇಕು ಸಾರ್!”

ನಿರ್ದೇಶಕ ಗೊಣಗುತ್ತಲೇ ಒಪ್ಪಿದ. ಚಾಂಗ್‌ಗುಯಿ ಎದ್ದು ತನ್ನ ಮಾತು ಹೇಳಿದಾಗ ಇಡೀ ಸೆಟ್ಟು ಬಿದ್ದು ಬಿದ್ದು ನಕ್ಕಿತು. ಪೆಯ್‌ರೊಂಗ್ ಮಾತ್ರ ಅಳುತ್ತಿದ್ದಳು.

ಅವನು ಹತ್ತಿರ ಬಂದ. “ಇಷ್ಟು ಕೆಟ್ಟದಾಗಿ ಹೇಳಿದ್ನಾ?”

“ಹೂಂ... ನಾಳೆನೂ ಸಾಯ್ಬೇಕಾ ನೀನು?”

“ಬೆಳಗ್ಗೆ ಮಾತ್ರ. ಯಾಕೆ?”

“ಸಂಜೆ ಮನೆಗೆ ಬಾ. ನಾನು ಮದುವೆಯಾಗೋ ಹುಡುಗ ಬದುಕಿದ್ದಾನೆ ಅಂತ ಅಮ್ಮ ಒಮ್ಮೆ ನೋಡ್ಲಿ.”