ಮಾವನ ಬಿಳಿ ಹಿಡಿಕೆ ಚಾಕು

“ಅದನ್ನ ಹೊಸ್ತಿಲ ದಾಟಿಸಬ್ಯಾಡ,” ಅಂದಳು ಮುರಿಗೆವ್ವಜ್ಜಿ. “ಎಲುಬಿನ ಸಾಮಾನು ನಮ್ಮ ಮನಿಯೊಳಗ ಬರಂಗಿಲ್ಲ.”

ರೇಣುಕಾ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಹಾಗೇ ನಿಂತಳು. ಕೈಯಲ್ಲಿ ಮಡಚುವ ಚಾಕು. ಹಾಲಿನ ಕೆನೆಯಂಥ ಬಿಳಿ ಹಿಡಿಕೆ. ಅವ್ವನ ತಮ್ಮ ಸಂಗಣ್ಣ ಮಾವ ಪಲ್ಟನ್ ಬಿಟ್ಟು ಊರಿಗೆ ಬರುವಾಗ ಪುಣೆಯ ಪೇಟೆಯಲ್ಲಿ ಅವಳಿಗೆಂದೇ ಕೊಂಡು ತಂದದ್ದು.

“ಎಲುಬಲ್ಲ ಬಿಡ್ರಿ ಅತ್ತಿ,” ಅಂದ ಮಾವ ಮೀಸೆ ತೀಡುತ್ತ. “ಆನಿ ದಂತ ಐತಿ. ಅಸಲಿ ಮಾಲು.”

“ದಂತಂದ್ರ ಏನೋ? ಹಲ್ಲು. ಹಲ್ಲಂದ್ರ ಎಲುಬಲ್ಲೇನು? ಲಿಂಗಪೂಜಿ ಮಾಡೂ ಮನಿ ಇದು.”

ಸಂಗಣ್ಣ ಮಾವ ಒಳ್ಳೆಯವ, ಆದರೆ ಬಡಾಯಿಕೋರ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಟಿಕೋಟದಲ್ಲಿ ಮೋಟಾರು ಇಳಿದವನು ಬಿಜ್ಜರಗಿಯ ಈ ಕಟ್ಟೆಯವರೆಗೆ ಎದುರು ಸಿಕ್ಕವರಿಗೆಲ್ಲ “ಆನಿ ದಂತ, ಆನಿ ದಂತ” ಎಂದು ತೋರಿಸುತ್ತಲೇ ಬಂದಿದ್ದ. ಅದೇ ಈಗ ಕುತ್ತಿಗೆಗೆ ಬಂದಿತ್ತು.

“ಬ್ಯಾಡಂದ್ರ ಬ್ಯಾಡ. ನಾಳಿಗಿ ನನ್ನ ಜೋಡಿನ ಒಯ್ತೀನಿ,” ಅಂದವನೇ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತ. ಅವ್ವ ತಂದಿಟ್ಟ ಚಹಾ ಮುಟ್ಟಲಿಲ್ಲ.

ರೇಣುಕಾ ಚಾಕು ಹಿಡಿದೇ ಮನೆ ಸುತ್ತಿ ಹಿತ್ತಲಿಗೆ ನಡೆದಳು. ಇಷ್ಟು ದಿನ ಅವಳು ಈಳಿಗೆಯ ಮೇಲೆ ಪೆನ್ಸಿಲ್ ಹೆರೆದು ಅವ್ವನಿಂದ ಬೈಸಿಕೊಳ್ಳುತ್ತಿದ್ದಳು. ಈ ಚಾಕುವಿನಲ್ಲಿ ಹೆರೆದರೆ ಪೆನ್ಸಿಲ್ ಸೂಜಿಯಂತೆ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಾವ ಮುನಿಸಿಕೊಂಡು ಹೋದರೆ ಮತ್ತೆ ಯಾವಾಗ ಬಂದಾನು?

ಹಿತ್ತಲಿನ ಬೇವಿನ ಬುಡದಲ್ಲಿ ಕೂತು ಚಾಕುವಿನ ಹಿಡಿಕೆಯನ್ನು ಲಂಗಕ್ಕೆ ಸಿಟ್ಟಿನಿಂದ ತಿಕ್ಕತೊಡಗಿದಳು. ಆಚೆ ಮನೆಯ ಅಬೇದಾ ಬಂದಳು. ಶಾಲೆಯಲ್ಲಿ ಇಬ್ಬರೂ ಒಂದೇ ಇಯತ್ತೆ. ಅಬೇದಾಳ ಅಪ್ಪ ಹಸನಸಾಬ ಬಳೆ, ತಲೆ ಬಾಚುವ ಹಣಿಗೆ, ಗುಂಡಿ ಹೊತ್ತು ಊರೂರು ಮಾರುವವನು.

“ಅಳಾಕತ್ತಿ ಏನಬೇ?”

“ಇಲ್ಲ, ಒರಸಾಕತ್ತೇನಿ.”

“ಕಣ್ಣೋ, ಚಾಕೋ?”

ರೇಣುಕಾ ಎಲ್ಲ ಹೇಳಿದಳು. ಅಬೇದಾ ಚಾಕುವನ್ನು ಬಿಸಿಲಿಗೆ ಹಿಡಿದಳು. “ಎಲುಬಿದ್ರ ಸಣ್ಣ ಸಣ್ಣ ಕರಿ ಗೆರಿ ಇರ್ತಾವ. ನಮ್ಮಪ್ಪನ ಗಂಟಿನಾಗ ಎಲುಬಿನ ಗುಂಡಿ ನೋಡೀನಿ. ಇದರಾಗ ಒಂದೂ ಇಲ್ಲ.”

“ಗೆರಿ ಅಜ್ಜಿಗೆಲ್ಲಿ ಕಾಣತಾವ? ಆಕಿಗೆ ಬಾಗಲದಾಗ ನಿಂತ ಎಮ್ಮಿನೂ ಕಾಣಂಗಿಲ್ಲ.”

ಮತ್ತೆ ತಿಕ್ಕಿದಳು. ಹಿಡಿಕೆ ಬಿಸಿಯಾಯಿತು. ಎಲ್ಲಿಂದಲೋ ಒಂದು ವಾಸನೆ ಬಂತು. ರೇಣುಕಾ ಹಿಡಿಕೆಯನ್ನು ಮೂಗಿಗೆ ಹಿಡಿದಳು.

“ಅಬೇದಾ, ಇದು ನಮ್ಮ ದೇವರ ಮನಿ ವಾಸನಿ.”

ಅಬೇದಾ ಮೂಸಿ ನೋಡಿ ಕಿಸಕ್ಕನೆ ನಕ್ಕಳು. “ಕರ್ಪೂರ. ನಮ್ಮಪ್ಪನ ಬಿಳಿ ಹಣಿಗಿನೂ ತಿಕ್ಕಿದ್ರ ಹಿಂಗ ವಾಸನಿ ಬರ್ತೈತಿ. ಸಿಲುಲಾಯಿಡು ಅಂತಾರ. ಕರ್ಪೂರ ಕೂಡಿಸಿ ಮಾಡ್ತಾರಂತ. ನಿಮ್ಮ ಮಾವನ ಆನಿ ಹಣಿಗಿ ಅಂಗಡ್ಯಾಗ ಹುಟ್ಟೇತಿ.”

ರೇಣುಕಾ ಓಡಿದಳು. ಕಟ್ಟೆಯ ಹತ್ತಿರ ಬಂದವಳು ಗಕ್ಕನೆ ನಿಂತಳು. ಕೂಗಿ ಹೇಳಿದರೆ ಊರೆಲ್ಲ ಮಾವನನ್ನು ನೋಡಿ ನಗುತ್ತದೆ. ಮೆಲ್ಲಗೆ ಹೋಗಿ ಮಾವನ ಕಿವಿಯಲ್ಲಿ ಉಸುರಿದಳು.

ಮಾವ ನಂಬಲಿಲ್ಲ. ತಾನೇ ಹಿಡಿಕೆಯನ್ನು ಖಾಕಿ ಚಣ್ಣಕ್ಕೆ ತಿಕ್ಕಿ ಮೂಸಿದ. ಮೀಸೆ ಇಳಿಬಿತ್ತು.

“ಅಂಗಡ್ಯಾವ ಟೋಪಿ ಹಾಕ್ಯಾನಲ್ಲ,” ಅಂದ.

“ನಾ ಯಾರ ಮುಂದೂ ಹೇಳಂಗಿಲ್ಲ ಮಾವ. ಚಾಕು ನೀನ ಒಯ್ಯಿ. ನಂಗ ಈಳಗಿ ಐತಿ.”

ಮಾವ ಅವಳ ತಲೆ ಸವರಿದ. ಆಮೇಲೆ ಎದ್ದು ಬಾಗಿಲಿಗೆ ಹೋದ. “ಅತ್ತಿ, ನಾ ಮೋಸ ಹೋಗೇನಿ. ಇದು ದಂತಲ್ಲ. ಹಣಿಗಿ ಮಾಡೂ ಮಾಲು. ಮೂಸಿ ನೋಡ್ರಿ.”

ಅಜ್ಜಿಯ ಕಣ್ಣು ಮಂಜು, ಮೂಗು ಅಲ್ಲ. ಆಚೆ ಓಣಿಯಲ್ಲಿ ಹಾಲು ಹೊತ್ತಿದರೂ ಇಲ್ಲಿಂದಲೇ ಹೇಳುತ್ತಿದ್ದಳು. ಸೆರಗಿನಿಂದ ಹಿಡಿಕೆಯನ್ನು ತಿಕ್ಕಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

“ಕರ್ಪೂರ,” ಅಂದಳು. “ಒಳಗ ಬಾರೋ. ಚಹಾ ಆರಿ ನೀರಾಗೇತಿ. ಬ್ಯಾರೆ ಇಡಸ್ತೀನಿ.”

ಸಂಜೆ ಓಣಿಯ ಭಾಗಪ್ಪ ಬಂದ. ಊರ ಸುದ್ದಿಯನ್ನೆಲ್ಲ ಹೆಗಲ ಮೇಲೆ ಹೊತ್ತು ತಿರುಗುವ ಮನುಷ್ಯ. “ಮುರಿಗೆವ್ವಕ್ಕ, ಸಂಗಣ್ಣ ಆನಿ ದಂತದ ಚಾಕು ತಂದಾನಂತ. ಖರೇನ ದಂತ ಏನು?”

ಮಾವ ಚಹಾದ ಬಟ್ಟಲಿನೊಳಗೆ ಮುಖ ಇಳಿಸಿದ. ರೇಣುಕಾ ಅಜ್ಜಿಯತ್ತ ತಿರುಗಿದಳು. ಸುಳ್ಳು ಕೇಳಿದರೆ ಉರಿದು ಬೀಳುವವಳು ಅಜ್ಜಿ. ಏನೆಂದು ಹೇಳುತ್ತಾಳೋ.

ಅಜ್ಜಿ ಬಿಳಿ ಹಿಡಿಕೆ ಹಿಡಿದು ಪೇರಲ ಹಣ್ಣು ಹೆಚ್ಚುತ್ತಿದ್ದಳು. ದೊಡ್ಡದೊಂದು ಹೋಳು ಭಾಗಪ್ಪನ ಕೈಗಿಟ್ಟಳು.

“ಹುಡುಗಿ ಸ್ವಾದರಮಾವ ತಂದಾನ. ಅಷ್ಟು ದೂರದಿಂದ, ನೆನಪಿಟ್ಟು. ತಿನ್ನು, ಸಿಹಿ ಐತಿ.”

ಬಾಯಿ ತುಂಬಿದ ಭಾಗಪ್ಪ ಮುಂದೆ ಏನೂ ಕೇಳಲಿಲ್ಲ.

ರೇಣುಕಾ ಅಜ್ಜಿಯ ಕೈಯನ್ನೇ ನೋಡಿದಳು. ಅಜ್ಜಿಯ ಹೆಬ್ಬೆರಳು ಹಿಡಿಕೆಯನ್ನು ಮೆಲ್ಲಗೆ ತಿಕ್ಕುತ್ತಲೇ ಇತ್ತು. ರೇಣುಕಾ ಉಳಿದವುಗಳಲ್ಲಿ ದೊಡ್ಡ ಹೋಳು ಆರಿಸಿ ಮಾವನ ಕೈಗಿಟ್ಟು, ಅವನಿಗೆ ಒತ್ತಿ ಕೂತಳು.