ಲಾರಿ ಬಂತು, ಅಪ್ಪ ಏಳಲಿಲ್ಲ

"ಪಾಳಿ ನಂದಲ್ಲವ್ವ. ಎಷ್ಟ್ ಸಲ ಹೇಳಬೇಕು ನಿನಗ?"

ಅಪ್ಪ ಬೇವಿನ ಗಿಡದ ಕೆಳಗೆ ಕಾಲು ಚಾಚಿ ಕೂತಿದ್ದ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಚಹಾದ ಕಪ್ಪು. ಪರಿಮಳಾಳಿಗೆ ಮೈಯೆಲ್ಲ ಉರಿಯಿತು.

ಅವಳು ಶಾಲೆಯಿಂದ ಯಾದಗಿರಿಯ ಗಂಜ್ ಮಾರುಕಟ್ಟೆಯವರೆಗೆ ಒಂದೇ ಉಸಿರಿಗೆ ಓಡಿ ಬಂದಿದ್ದಳು. ಶಾಲೆಯ ಮುಂದೆ ಹೊಸ ಬೆಂಚುಗಳ ಲಾರಿ ನಿಂತಿತ್ತು. ಐದನೇ ಕ್ಲಾಸಿನವರಿಗೆ ನೆಲದ ಮೇಲೆ ಕೂತು ಕೂತು ಸಾಕಾಗಿತ್ತು. ಆದರೆ ಅವು ಕಬ್ಬಿಣದ ಬೆಂಚುಗಳು. ಇಳಿಸುವವರು ಯಾರು? ಡ್ರೈವರ್ ಬೇರೆ ಹಾರ್ನ್ ಹೊಡೆಯುತ್ತಿದ್ದ.

"ಅರ್ಧಾ ತಾಸು ನೋಡ್ತೀನ್ರಿ. ಆಮ್ಯಾಲ ಸುರಪುರಕ್ಕ ಹೊಂಟೆ. ನಿಮ್ಮ ಬೆಂಚು ಮುಂದಿನ ವಾರ!"

ಆಗ ಪರಿಮಳಾ ಲಾರಿಯ ಪಕ್ಕದಲ್ಲೇ, ಇಡೀ ಕ್ಲಾಸಿನ ಮುಂದೆ ಕೈ ಎತ್ತಿದ್ದಳು. "ಸರ್, ನಮ್ಮಪ್ಪ ಹಮಾಲ ಅದಾನ್ರಿ. ಒಂದೇ ಸಲಕ್ಕ ಎರಡು ಬೆಂಚ್ ಹೊರ್ತಾನ. ಕರ್ಕೊಂಡ್ ಬರ್ತೀನ್ರಿ!"

ಈಗ ನೋಡಿದರೆ ಅಪ್ಪ ಕೂತಲ್ಲಿಂದ ಅಲ್ಲಾಡುತ್ತಿಲ್ಲ.

"ನೀ ಸುಮ್ನ ಕುಂತೀಯಲ್ಲಪ್ಪ! ಬಂದ್ರ ಏನಾಗ್ತದ?"

"ಗಂಜಿನ ಹೊರಗಿನ ಕೆಲಸಕ್ಕ ಇವತ್ತ ಅಬ್ರಾರ ಚಾಚಾನ ಪಾಳಿ. ನಂದು ನಾಳಿ. ಅವ ಊಟಕ್ಕ ಮನಿಗೆ ಹೋಗ್ಯಾನ. ಫೋನ್ ಹಚ್ಚೀನಿ, ಬರ್ತಾನ."

"ಅವ ಬರೂದ್ರಾಗ ಲಾರಿ ಹೋಗ್ತದ!"

"ಹೋದ್ರ ನಾ ಏನ್ ಮಾಡ್ಲಿ? ಹಮಾಲರ ಸಂಘದ ಮಾತದು."

"ಸಂಘ, ಸಂಘ! ಬ್ಯಾರೆ ಮಾತೇ ಇಲ್ಲೇನು ನಿನಗ?" ಪರಿಮಳಾ ನೆಲಕ್ಕೆ ಕಾಲು ಬಡಿದಳು. ಕೆಲಸ ಅಲ್ಲಿ ಕಾಯುತ್ತಿದೆ, ಮಾಡುವ ಕೈ ಇಲ್ಲಿದೆ, ಆದರೂ ಮಾಡಬಾರದಂತೆ. ಈ ದೊಡ್ಡವರಿಗೆ ತಲೆ ಇದೆಯೋ ಇಲ್ಲವೋ! "ಇಂಥಾ ಸಂಘ ಯಾರ್ ಕಟ್ಟಿದ್ರೋ ಏನೋ!"

"ನಾನೂ ಕಟ್ಟೀನವ್ವ. ಬೈಯೂದಿದ್ರ ನನಗ ಬೈ" ಎಂದು ಪಕ್ಕದಲ್ಲಿ ಕೂತಿದ್ದ ಮುದುಕ ನಾಗಣ್ಣ ನಕ್ಕ. ಅವನೂ ಹಿಂದೆ ಇಲ್ಲೇ ಹಮಾಲನಾಗಿದ್ದವನು.

ಪರಿಮಳಾಳಿಗೆ ನಾಚಿಕೆಯಾಯಿತು. ಆದರೂ ಸಿಟ್ಟು ಇಳಿಯಲಿಲ್ಲ. "ಯಾಕ್ ಕಟ್ಟಿದಿ ಮುತ್ಯಾ?"

"ಆಗ ಪಾಳಿ ಗೀಳಿ ಏನೂ ಇರ್ಲಿಲ್ಲ. ಲಾರಿ ಬಂತಂದ್ರ ಎಲ್ಲಾರೂ ಅದರ ಹಿಂದ ಓಡೂದು. ಯಾರು ಮೊದಲ ಹತ್ತಿದ್ರೋ ಅವರಿಗಷ್ಟ ಕೆಲಸ. ಲಾರಿ ನಿಲ್ಲೂತನಕ ಕಾಯೂಹಂಗಿಲ್ಲ, ಓಡೂ ಲಾರಿ ಹತ್ತಬೇಕು. ಹಂಗ ಬಿದ್ದು ಈ ಕಾಲು ಹೋತು." ಅವನ ಎಡಗಾಲಿನ ಪಾದ ಪಕ್ಕಕ್ಕೆ ತಿರುಗಿತ್ತು. "ಆಮ್ಯಾಲ ಎಲ್ಲಾರೂ ಕೂಡಿ ಸಂಘ ಕಟ್ಟಿ ಹದಿನೇಳು ದಿನ ಕೆಲಸ ಬಂದ್ ಮಾಡಿ ಕುಂತ್ವಿ. ಅವಾಗ ಬಂತು ಈ ಪಾಳಿ."

"ನಮ್ಮಪ್ಪ ಇದ್ದಿದ್ರ ಎಲ್ಲಾರಕಿಂತ ಮೊದಲ ಹತ್ತತಿದ್ದ!"

"ಹೌದವ್ವ, ಹತ್ತತಿದ್ದ" ಎಂದ ನಾಗಣ್ಣ. ತನ್ನ ಎಡಗಾಲನ್ನು ಮೆಲ್ಲಗೆ ಸವರಿಕೊಂಡ.

ಅಷ್ಟರಲ್ಲಿ ಅಬ್ರಾರ ಚಾಚಾ ಬಂದ. ಬಿಳಿ ಗಡ್ಡ, ತೆಳ್ಳನೆಯ ಮೈ. ಊಟ ಅರ್ಧಕ್ಕೇ ಬಿಟ್ಟು ಎದ್ದಿದ್ದನೇನೋ, ಕೈ ಇನ್ನೂ ಒದ್ದೆಯಾಗಿತ್ತು. ಓಡಿ ಬಂದದ್ದಕ್ಕೆ ಏದುಸಿರು ಬಿಡುತ್ತಿದ್ದ.

"ಮರಿಲಿಂಗ, ನನ್ನ ಕೆಲಸ ಅದ ಅಲ್ಲ?" ಎಂದು ಅಪ್ಪನನ್ನು ಕೇಳಿದ. ಉಸಿರು ಸಿಕ್ಕ ಕೂಡಲೇ ಕೇಳಿದ್ದು ಅದೊಂದೇ.

"ಅದ ಚಾಚಾ. ಯಾರೂ ಮುಟ್ಟಿಲ್ಲ."

ಚಾಚಾನ ಮುಖದಲ್ಲಿ ಆಗ ನಗು ಬಂತು.

ಪರಿಮಳಾ ಒಮ್ಮೆ ಅಪ್ಪನ ತೋಳು ನೋಡಿದಳು, ಒಮ್ಮೆ ಚಾಚಾನ ತೋಳು ನೋಡಿದಳು. ಇವರಿಬ್ಬರೂ ಲಾರಿಯ ಹಿಂದೆ ಓಡಿದರೆ? ಅಪ್ಪನೇ ಗೆಲ್ಲುತ್ತಿದ್ದ. ನಾಳೆಯೂ ಅಪ್ಪನೇ. ನಾಡಿದ್ದೂ ಅಪ್ಪನೇ. ಯಾಕೋ ಈ ಸಲ ಅದು ಅವಳಿಗೆ ಖುಷಿ ಕೊಡಲಿಲ್ಲ.

ಶಾಲೆಗೆ ಬಂದಾಗ ಲಾರಿ ಇನ್ನೂ ನಿಂತಿತ್ತು. ಚಾಚಾ ಒಂದು ಬೆಂಚನ್ನು ಬೆನ್ನ ಮೇಲೆ ಹೊತ್ತು ನಿಧಾನಕ್ಕೆ ನಡೆದ.

"ಹಿಂಗ ಒಂದೊಂದ ಒಯ್ದ್ರ ಸಂಜಿ ಆಗ್ತದ!" ಎಂದು ಡ್ರೈವರ್ ಸಿಡುಕಿದ. "ಎರಡೆರಡು ಹೊರಾಂವ ಎಲ್ಲಿ?"

ಮಕ್ಕಳೆಲ್ಲ ಪರಿಮಳಾಳ ಕಡೆ ತಿರುಗಿದರು.

"ನಿಮ್ಮಪ್ಪ ಎಲ್ಲವ್ವ? ಬ್ಯಾರೆ ಕೆಲಸಕ್ಕ ಹೋಗ್ಯಾನೇನು?" ಎಂದು ವಿಶ್ವರಾಧ್ಯ ಸರ್ ಕೇಳಿದರು.

ಹೌದು ಅಂದುಬಿಟ್ಟರೆ ಮುಗಿದುಹೋಗುತ್ತಿತ್ತು.

"ಇಲ್ರಿ ಸರ್, ಗಿಡದ ಕೆಳಗ ಕುಂತಾನ್ರಿ" ಎಂದಳು ಪರಿಮಳಾ, ಎಲ್ಲರಿಗೂ ಕೇಳುವ ಹಾಗೆ. "ಇವತ್ತ ಅಬ್ರಾರ ಚಾಚಾನ ಪಾಳಿ."