‘ಸಿಕ್ಕು’ ಕಾಣೆಯಾದದ್ದು

ಪದಕೋಶದ ಕಚೇರಿಯಲ್ಲಿ ‘ಸಿಕ್ಕು’ ಪದದ ಚೀಟಿಗಳ ಕಟ್ಟೇ ಮಾಯವಾಗಿತ್ತು. ಕೂದಲಿನ ಸಿಕ್ಕು, ನೂಲಿನ ಸಿಕ್ಕು, ಬಳ್ಳಿಗಳ ಸಿಕ್ಕು, ಮನಸ್ಸಿನ ಸಿಕ್ಕು ಅಂತ ಕವಿಗಳು ಬಳಸಿದ ಸಾಲುಗಳನ್ನೆಲ್ಲ ವರ್ಷಗಟ್ಟಲೆ ಬರೆದಿಟ್ಟ ಚೀಟಿಗಳವು. ಕಪಾಟಿನ ಉಸ್ತುವಾರಿ ಟೈಪಿಸ್ಟ್ ಹುಡುಗಿಯದು.

"ಸಂಜೆಯೊಳಗೆ ಚೀಟಿ ಬರ್ಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಬರೋದು ಬೇಡ" ಎಂದುಬಿಟ್ಟರು ಸಂಪಾದಕರು. ಮನೆ ನಡೆಯುತ್ತಿದ್ದದ್ದೇ ಅವಳ ಸಂಬಳದಿಂದ.

ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್ ಇದನ್ನು ಕೇಳಿಸಿಕೊಂಡ. ಸೀದಾ ಪ್ರೂಫ್ ತಿದ್ದುವ ಹಿರಿಯಾಕೆ, ಎಲ್ಲರ ಬಾಯಲ್ಲಿ ‘ಪ್ರೂಫ್ ಅತ್ತೆ’ಯಾದವರ ಬಳಿಗೆ ಹೋದ. ಕಳೆದ ಕೊಡೆಯಿಂದ ಕದ್ದ ಕವಿತೆಯವರೆಗೆ ಕಚೇರಿಯಲ್ಲಿ ಎಲ್ಲದರ ಜಾಡು ಹಿಡಿಯುವವರು ಅವರೇ. ಬಾಲದಂತೆ ಹಿಂದೆ ಸುತ್ತುವುದು ಇವನ ಪಾಲು.

ಕಪಾಟಿನೊಳಗೆ ಕಟ್ಟಿನ ದಾರ ಮಾತ್ರ ಬಿದ್ದಿತ್ತು. "ಕದಿಯೋನು ದಾರ ಬಿಚ್ಚಿ ಇಟ್ಟು ಹೋಗ್ತಾನೇನೋ?" ಎಂದ ಅತ್ತೆ, ‘ಕೂದಲು’, ‘ನೂಲು’, ‘ಬಳ್ಳಿ’, ‘ಮನಸ್ಸು’ ಕಟ್ಟುಗಳನ್ನು ಒತ್ತಿ ನೋಡಿದರು. ನಾಲ್ಕೂ ಉಬ್ಬಿಕೊಂಡಿದ್ದವು.

ಸಂಜೆ ಎಲ್ಲರೂ ಸೇರಿದಾಗ ಅತ್ತೆ ‘ಬಳ್ಳಿ’ ಕಟ್ಟಿನಿಂದ ಚೀಟಿಯೊಂದನ್ನು ತೆಗೆದು, ಪದಗಳಿಗೆ ಅರ್ಥ ಬರೆಯುವ ಹಿರಿಯ ಪಂಡಿತರ ಕೈಗಿತ್ತರು. ದಪ್ಪ ಮಸಿಯಲ್ಲಿದ್ದ ಸಾಲಿನ ಮೊದಲ ಪದ ಕಂಡದ್ದೇ ತಡ, ಬಳ್ಳಿಗಳಲ್ಲಿ ಕೊಂಬು ಸಿಲುಕಿದ ಜಿಂಕೆಯ ಪದ್ಯವನ್ನು ಅವರು ಪೂರ್ತಿ ಬಾಯಲ್ಲೇ ಹೇಳಿದರು.

"ಯಾವ ಕಟ್ಟಿಗೆ ಸೇರ್ಬೇಕು ಅಂತ ಮೂಲೇಲಿ ಪೆನ್ಸಿಲಲ್ಲಿ ಬರ್ದಿದೆಯಲ್ಲ, ಯಾವ ಪದ ಅದು, ಸರ್?"

ಪಂಡಿತರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದರು, ದೂರ ಹಿಡಿದರು.

"ಕಟ್ಟು ಬಿಚ್ಚಿದಾಗ ಚೀಟಿಗಳು ಇವರ ಕೈಜಾರಿ, ಮೇಜಿನ ಮೇಲಿದ್ದ ಬೇರೆ ಚೀಟಿಗಳ ಜೊತೆ ಬೆರೆತುಹೋಗಿವೆ. ಮೂಲೆಯ ‘ಸಿಕ್ಕು’ ಇವರಿಗೆ ಕಾಣಲಿಲ್ಲ. ಪದ್ಯ ಕಂಠಪಾಠ, ಹಾಗಾಗಿ ಜಿಂಕೆ ಪದ್ಯ ‘ಬಳ್ಳಿ’ ಕಟ್ಟಿಗೆ, ಜಡೆ ಪದ್ಯ ‘ಕೂದಲು’ ಕಟ್ಟಿಗೆ ಸೇರಿಸಿಟ್ಟರು. ಓದು ಬಾರದವನಿಗೆ ಈ ತಪ್ಪು ಮಾಡೋಕಾಗಲ್ಲ, ಕಣ್ಣು ಸರಿಯಿದ್ದವನೂ ಮಾಡಲ್ಲ" ಎಂದರು ಅತ್ತೆ.

"ಕಣ್ಣು ಹೋಗ್ತಿದೆ ಅಂದ್ರೆ ಮನೆಗೆ ಕಳಿಸ್ತೀರಿ ಅಂತ ಹೆದರಿದೆ" ಎಂದರು ಪಂಡಿತರು, ತಲೆ ತಗ್ಗಿಸಿ.

"ಅದಕ್ಕೆ ನನ್ನ ಹೊಟ್ಟೆ ಮೇಲೆ ಹೊಡೀಬೇಕಿತ್ತಾ?" ಎಂದಳು ಹುಡುಗಿ. "ಬೆಳಿಗ್ಗೆಯಿಂದ ನಾನು ಅಳ್ತಿದ್ದದ್ದು ಕೇಳಿಸ್ತಿತ್ತಲ್ಲ ನಿಮಗೆ?"

"ಕೇಳಿಸ್ತಿತ್ತಮ್ಮ."

ಸಂಪಾದಕರು ಹುಡುಗಿಗೆ "ತಪ್ಪಾಯ್ತು" ಎಂದದ್ದು ಪಕ್ಕದಲ್ಲೇ ನಿಂತಿದ್ದ ಬೈಂಡರನಿಗೂ ಸರಿಯಾಗಿ ಕೇಳಲಿಲ್ಲ. ಅವಳು ಕಟ್ಟುಗಳನ್ನು ಮೇಜಿನ ಮೇಲೆ ಸುರಿದಳು. ಪಂಡಿತರು ಒಂದೊಂದೇ ಪದ್ಯ ನೆನೆದು ಹೇಳುತ್ತ ಹೋದರು, ಅವಳು ಹುಡುಕಿ ತೆಗೆಯುತ್ತ ಹೋದಳು. ನಡುವೆ ಅವರು ಪದ್ಯ ನಿಲ್ಲಿಸಿ ಕನ್ನಡಕ ಒರೆಸತೊಡಗಿದರು.

"ನಿಲ್ಲಿಸ್ಬೇಡಿ" ಎಂದಳು ಹುಡುಗಿ, ಅವರ ಮುಖ ನೋಡದೆ. "ಮುಂದಿನದು ಹೇಳಿ."